ಮೀಸೆ ಇದ್ದವಳು ಉಳಿದಳು

ಗಲ್ಫಿನ ಶಾಲೆಗಳಿಗೆ ಹೊಸದಾಗಿ ಇಂಗ್ಲಿಷ್ ಕಲಿಸಲು ಬರುವ ಹುಡುಗಿಯರು ಎಲ್ಲಿಂದಲೋ ನನ್ನ ನಂಬರು ಹುಡುಕಿ ಫೋನ್ ಮಾಡುತ್ತಾರೆ. ಕೇಳುವುದು ಎರಡೇ ಪ್ರಶ್ನೆ. ದುಬೈಯ ಅಲ್ ನಹ್ದಾದಲ್ಲಿ ಶೇರಿಂಗ್ ಫ್ಲ್ಯಾಟ್ ಸಿಗುತ್ತದೆಯೇ? ಹನ್ನೊಂದನೇ ತರಗತಿಗೆ ಆ ಹಳೇ ಇಂಗ್ಲಿಷ್ ಹಾಸ್ಯ ನಾಟಕಗಳನ್ನು ಹೇಗೆ ಕಲಿಸುವುದು? ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಎರಡನೆಯದಕ್ಕೆ ಇಪ್ಪತ್ತೆಂಟು ವರ್ಷ ಸರಿಯಾದ ಉತ್ತರ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ನಿವೃತ್ತಿಗೆ ಎರಡು ವರ್ಷ ಇರುವಾಗ.

ನಾನು ಉಡುಪಿಯವಳು, ಹೆಸರು ವಾರಿಜಾ. ಮದುವೆಯಾಗಿ ಅಬುಧಾಬಿಗೆ ಬಂದೆ. ಅಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಹನ್ನೆರಡು ವರ್ಷ, ಆಮೇಲೆ ದುಬೈಯ ಇನ್ನೊಂದರಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದೆ. ಯಾವಾಗ ಏನಾದೆ, ಯಾವ ಕುರ್ಚಿಯಲ್ಲಿ ಕೂತೆ ಎಂಬುದೆಲ್ಲ ಯಾರಿಗೂ ಬೇಡದ ಪುರಾಣ. ಈಗ ಮಗಳ ವೀಸಾದ ಮೇಲೆ ಅವಳ ಫ್ಲ್ಯಾಟಿನಲ್ಲಿದ್ದೇನೆ. "ಅಮ್ಮ, ನೀನೀಗ ನನ್ನ ಡಿಪೆಂಡೆಂಟ್" ಎಂದು ಅವಳು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾಳೆ.

ಆ ನಾಟಕಗಳು ಹೇಗಿರುತ್ತವೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್, ಒಂದು ದೊಡ್ಡ ಮನೆಯ ದಿವಾನಖಾನೆ. ಅಲ್ಲಿ ಯಾರಿಗೂ ಕೆಲಸವಿಲ್ಲ, ಎಲ್ಲರಿಗೂ ಮಾತು ಬೇಕು. ಒಬ್ಬ ಸರ್, ಮುಂದೆ ಮಂತ್ರಿಯಾಗುವವನು. ಒಬ್ಬಳು ಲೇಡಿ, ಯಾರನ್ನು ಮನೆಯೊಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವವಳು. ಒಬ್ಬ ಮದುವೆಯಾಗದ ಮಾತುಗಾರ. ಮತ್ತೆ ಒಬ್ಬಳು ಹೆಂಗಸು. ಅವಳ ಬಗ್ಗೆ ಏನೋ ಒಂದು ಹಳೆಯ ಕತೆ ಇದೆ. ಆ ಕತೆಯಲ್ಲಿ ಸರ್ ಕೂಡ ಇದ್ದಾನೆ. ಆದರೆ ಕತೆ ಅವಳದ್ದೆಂದೇ ಲೆಕ್ಕ. ಕೊನೆಗೆ ಲಂಡನ್ ಬಿಟ್ಟು ಫ್ರಾನ್ಸಿಗೋ ಎಲ್ಲಿಗೋ ಹೋಗುವವಳೂ ಅವಳೇ.

ಅಬುಧಾಬಿಯಲ್ಲಿ ನಾನು ಇದನ್ನೆಲ್ಲ ನೋಟ್ಸ್ ಬರೆಸಿ ಕಲಿಸಿದೆ. ಹಾಸ್ಯ ಎಲ್ಲಿದೆ, ವ್ಯಂಗ್ಯ ಎಲ್ಲಿದೆ, ಯಾವ ಪಾತ್ರದ ಗುಣ ಯಾವುದು ಎಂದು ಬೋರ್ಡಿನಲ್ಲಿ ಬರೆಯುವುದು, ಮಕ್ಕಳು ಇಳಿಸಿಕೊಳ್ಳುವುದು. ಒಬ್ಬಳೂ ನಗುತ್ತಿರಲಿಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಮಿಸ್, ತಪ್ಪು ಇಬ್ರದ್ದೂ ಅಲ್ವಾ? ಅವನು ಪಾರ್ಲಿಮೆಂಟಿಗೆ ಹೋಗ್ತಾನೆ, ಅವಳು ಯಾಕೆ ಫ್ರಾನ್ಸಿಗೆ ಹೋಗ್ಬೇಕು?"

"ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೊ" ಎಂದೆ. ಮೂವತ್ತು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅದು. ಅವಳ ಹೆಸರೂ ನೆನಪಿಲ್ಲ. ಬೆನ್ನ ಮೇಲಿನ ಎರಡು ಜಡೆ ಮಾತ್ರ ನೆನಪಿದೆ.

ನಮ್ಮ ಶಾಲೆಗಳ ಒಂದು ಪದ್ಧತಿಯನ್ನು ಹೊಸಬರು ಮೊದಲು ತಿಳಿದುಕೊಳ್ಳಬೇಕು. ಶಾಲೆ ಒಂದೇ, ಕಟ್ಟಡವೂ ಒಂದೇ. ಆದರೆ ದೊಡ್ಡ ತರಗತಿಗಳಲ್ಲಿ ಹುಡುಗರ ವಿಭಾಗ ಬೇರೆ, ಹುಡುಗಿಯರ ವಿಭಾಗ ಬೇರೆ. ಗೇಟು ಬೇರೆ, ಮೆಟ್ಟಿಲು ಬೇರೆ, ತಿಂಡಿ ಬಿಡುವಿನ ಹೊತ್ತೂ ಬೇರೆ. ಅಬುಧಾಬಿಯಲ್ಲಿ ಒಬ್ಬರು ಉತ್ಸಾಹಿ ಪ್ರಿನ್ಸಿಪಾಲರಿದ್ದರು. ವಾರ್ಷಿಕೋತ್ಸವಕ್ಕೆ ಎರಡೂ ವಿಭಾಗ ಸೇರಿ ಒಂದೇ ನಾಟಕ ಆಡಬೇಕು, ಆದರೆ ಹುಡುಗರೂ ಹುಡುಗಿಯರೂ ವೇದಿಕೆಯ ಮೇಲೆ ಒಟ್ಟಿಗೆ ಇರಬಾರದು ಎಂದು ಅಪ್ಪಣೆ ಮಾಡಿದರು. ನಾನು ಹದಿನೈದು ದಿನ ಕೂತು ನಾಟಕವನ್ನು ಕತ್ತರಿಸಿದೆ. ಗಂಡಸರು ಹೋದ ಮೇಲೆ ಹೆಂಗಸರು ಬರುವುದು, ಹೆಂಗಸರು ಹೋದ ಮೇಲೆ ಗಂಡಸರು ಬರುವುದು. ಕೊನೆಗೆ ಮದುವೆಗೆ ಕೇಳುವ ದೃಶ್ಯ ಉಳಿಯಿತು. ನಾಯಕ ಖಾಲಿ ಕುರ್ಚಿಯ ಮುಂದೆ ಮಂಡಿಯೂರಿ ಕೇಳಿದ. ಅವನು ಹೋದ ಮೇಲೆ ನಾಯಕಿ ಬಂದು ಅದೇ ಕುರ್ಚಿಗೆ "ಆಗಲಿ" ಎಂದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ನನ್ನ ಕೈ ಕುಲುಕಿ, "ಇಷ್ಟು ನಗು ಆ ನಾಟಕದಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ನನಗೂ ಗೊತ್ತಿರಲಿಲ್ಲ.

ಆ ನಂತರ ಬುದ್ಧಿ ಬಂತು. ದುಬೈಗೆ ಬಂದ ಮೇಲೆ ಹುಡುಗಿಯರಿಂದಲೇ ಎಲ್ಲ ಪಾತ್ರ ಮಾಡಿಸತೊಡಗಿದೆ. ಮೀಸೆ, ಕೋಟು, ಕೈಯಲ್ಲೊಂದು ಕೋಲು. ನೋಟ್ಸು ಬರೆಸುವುದನ್ನು ಬಿಟ್ಟು ಪಾಠವನ್ನೇ ಆಡಿಸಿದೆ. ಆಗ ಪುಸ್ತಕದಲ್ಲಿ ಕಾಣದ್ದು ಕಣ್ಣಿಗೆ ಬಿತ್ತು. ಅಂಟುಮೀಸೆ ಹಚ್ಚಿದ ಹುಡುಗಿ ಕುರ್ಚಿಯಲ್ಲಿ ಕೂರುವ ರೀತಿಯೇ ಬೇರೆ. ಕಾಲು ಅಗಲಿಸುತ್ತಾಳೆ, ಬೇರೆಯವರ ಮಾತಿನ ನಡುವೆ ಬಾಯಿ ಹಾಕುತ್ತಾಳೆ, ಉತ್ತರ ಕೊಡುವ ಮೊದಲು ಪುರುಸೊತ್ತಿನಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಾಳೆ. ಅದೇ ಹುಡುಗಿಗೆ ಮರುದಿನ ಗೌನು ಕೊಟ್ಟರೆ ದನಿ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ನೋಡಿ ಕಲಿತದ್ದು.

ಆಮೇಲೆ ನಾನು ಪ್ರತಿ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಕೋಣೆಯಿಂದ ಕಾರಣ ಹೇಳದೆ ಎದ್ದು ಹೋಗುವ ಅಧಿಕಾರ ಯಾರಿಗಿದೆ? ಮಕ್ಕಳು ಪುಟ ತಿರುಗಿಸಿ ಹುಡುಕುತ್ತಿದ್ದರು. ಗಂಡಸರು "ಕ್ಲಬ್ಬಿಗೆ" ಎಂದು ಹೇಳಿ ಹೊರಟುಬಿಡುತ್ತಾರೆ, ಕ್ಲಬ್ಬಿನಲ್ಲಿ ಏನು ಎಂದು ಕೇಳುವವರಿಲ್ಲ. ಹೆಂಗಸರಿಗೆ ಹೊರಡಲು ಶಾಲು ಮರೆತಿರಬೇಕು, ತಲೆ ನೋಯಬೇಕು, ಅತ್ತೆ ಕರೆದಿರಬೇಕು. ಜೋಕು ಹೇಳುವುದರಲ್ಲೂ ಹೀಗೇ. ಮದುವೆಯಾಗದ ಆ ಮಾತುಗಾರ ಬಾಯಿಗೆ ಬಂದದ್ದು ಹೇಳುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವನಿಗೆ ಹೋಗುವುದೇನೂ ಇಲ್ಲ. ಕತೆ ಅಂಟಿದ ಹೆಂಗಸು ಅಷ್ಟೇ ಚೂಪಾದ ಮಾತು ಆಡಿದರೆ, "ನೋಡಿದ್ಯಾ, ಎಷ್ಟು ಧೈರ್ಯ!" ಎನ್ನುತ್ತಾರೆ. ಲೇಡಿಗೂ ಅಧಿಕಾರ ಇದೆ, ಇಲ್ಲವೆಂದಲ್ಲ. ಆದರೆ ಅವಳ ಅಧಿಕಾರ ಇರುವುದು ಬಾಗಿಲು ಹಾಕುವುದರಲ್ಲಿ ಮಾತ್ರ, ಅದೂ ಇನ್ನೊಬ್ಬ ಹೆಂಗಸಿನ ಮುಖಕ್ಕೆ. ಲೇಡಿಯ ಪಾತ್ರಕ್ಕೆ ನನ್ನ ತರಗತಿಯಲ್ಲಿ ಯಾವಾಗಲೂ ಹತ್ತು ಕೈ ಮೇಲೇಳುತ್ತಿದ್ದವು.

ಕೊರೊನಾ ಬಂದಾಗ ಆನ್‌ಲೈನ್ ತರಗತಿ. ಕ್ಯಾಮೆರಾ ಆಫ್ ಮಾಡಿ ದನಿಯಲ್ಲೇ ನಾಟಕ ಓದಿಸಿದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಆ ಮಾತುಗಾರನ ಪಾತ್ರವನ್ನು ಎಂಥ ಚೆನ್ನಾಗಿ ಓದಿದಳೆಂದರೆ ಯಾರದ್ದು ಈ ದನಿ ಎಂದು ಎಲ್ಲರೂ ಕೇಳಿದರು. ಶಾಲೆ ಮತ್ತೆ ತೆರೆದ ದಿನ ಅವಳು ಮುಂಚಿನಂತೆ ತಲೆ ತಗ್ಗಿಸಿ ಬಂದು ಕೂತಳು. ಮುಖ ಕಾಣದಿದ್ದಾಗ ಅವಳು ಅಷ್ಟು ಸುಖವಾಗಿದ್ದಳು ಎಂದು ನನಗೆ ಬೇಸರವಾಯಿತು.

ಇಷ್ಟೆಲ್ಲ ತಿಳಿದಿದ್ದ ನಾನು, ಇದನ್ನೇ ಬಾಯಿ ನೋಯುವಷ್ಟು ಕಲಿಸಿದ್ದ ನಾನು, ರಾಬಿಯಾಳ ವಿಷಯದಲ್ಲಿ ಮಾಡಿದ್ದನ್ನು ಈಗ ಬರೆಯಬೇಕು.

ನಿವೃತ್ತಿಗೆ ಎರಡು ವರ್ಷ ಇದ್ದಾಗಿನ ವಾರ್ಷಿಕೋತ್ಸವಕ್ಕೆ ವಿಕ್ಟೋರಿಯಾ ಕಾಲದ ನಾಟಕಗಳ ಧಾಟಿಯಲ್ಲಿ ನಾನೇ ಒಂದು ಗಂಟೆಯ ನಾಟಕ ಬರೆದೆ. ಮಿಸೆಸ್ ಥಾರ್ನ್‌ಬಿ ಎಂಬವಳು ಹತ್ತು ವರ್ಷದ ಮೇಲೆ ಲಂಡನ್ನಿಗೆ ಮರಳುತ್ತಾಳೆ. ಹಿಂದೊಮ್ಮೆ ಅವಳ ಹೆಸರು ಸರ್ ಎಡ್ಮಂಡನ ಜೊತೆ ಕೇಳಿಬಂದಿತ್ತು. ಅವನೀಗ ಎಲ್ಲರ ಮನೆಯ ಊಟದ ಮೇಜಿನಲ್ಲಿ ಮುಖ್ಯ ಅತಿಥಿ. ಅವಳು ಲೇಡಿ ಪೆಂಬರ್ ಎಂಬವಳ ಮನೆಗೆ ಹೋದರೆ, ಒಳಗೆ ಪಿಯಾನೊ ಕೇಳುತ್ತಿರುವಾಗಲೇ ಬಾಗಿಲಲ್ಲಿ ಬಟ್ಲರ್ "ಲೇಡಿಯವರು ಮನೆಯಲ್ಲಿಲ್ಲ" ಎನ್ನುತ್ತಾನೆ. ಆ ಕಾಲದ ಮರ್ಯಾದಸ್ಥರು ಬೇಡದವರನ್ನು ಕಳಿಸುತ್ತಿದ್ದ ರೀತಿ ಅದು.

ಮಿಸೆಸ್ ಥಾರ್ನ್‌ಬಿ ಯಾರಿಗೂ ಬೇಡ. ಒಬ್ಬಳ ಅಮ್ಮ ಬೇಡ ಎಂದರು, ಇನ್ನೊಬ್ಬಳ ಅಜ್ಜಿ ಊರಿಂದ ಬರುತ್ತಾರಂತೆ. ಕೊನೆಗೆ ರಾಬಿಯಾ ಕೈಯೆತ್ತಿದಳು. ಅವಳು ಭಟ್ಕಳದವರ ಮಗಳು, ತಂದೆ ಇಸ್ಮಾಯಿಲ್ ಸಾಹೇಬರಿಗೆ ದುಬೈಯ ನೈಫ್ ಪೇಟೆಯಲ್ಲಿ ಬಟ್ಟೆಯ ಅಂಗಡಿ. ನಾನು ಬಾಗಿಲಿನ ದೃಶ್ಯ ಮಾಡಿಸಿ ನೋಡಿದೆ. ಬೇರೆ ಹುಡುಗಿಯರು ಅಲ್ಲಿ ಅಳುತ್ತಿದ್ದರು, ಇಲ್ಲವೇ ಸಿಟ್ಟು ಮಾಡುತ್ತಿದ್ದರು. ರಾಬಿಯಾ ಸುಮ್ಮನೆ ನಿಂತು ಪಿಯಾನೊ ಕೇಳಿಸಿಕೊಂಡಳು. ಆಮೇಲೆ ಬಟ್ಲರನಿಗೆ, "ಯಜಮಾನಿ ಇಲ್ಲದಾಗಲೂ ತಾನೇ ಅಭ್ಯಾಸ ಮಾಡುತ್ತದಲ್ಲ, ಒಳ್ಳೆಯ ಪಿಯಾನೊ" ಎಂದು ನಯವಾಗಿ ಹೇಳಿ ತನ್ನ ಹೆಸರಿನ ಕಾರ್ಡು ಕೊಟ್ಟಳು. ಮಾತು ನಾನು ಬರೆದದ್ದೇ. ಆದರೂ ಮೊದಲ ಸಲ ಕೇಳಿದಂತಾಯಿತು. ಒಪ್ಪಿಗೆ ಚೀಟಿಗೆ ತಂದೆಯ ಸಹಿ ಮರುದಿನವೇ ಬಂತು.

ಸರ್ ಎಡ್ಮಂಡ್ ಆದದ್ದು ಶ್ರೇಯಾ. ಅವಳ ಅಮ್ಮ ವನಿತಾ ನಮ್ಮೂರ ಕಡೆಯವಳು, ಹದಿನೈದು ವರ್ಷದ ಗೆಳತಿ, ನನ್ನನ್ನು ವಾರಿಜಕ್ಕ ಎಂದೇ ಕರೆಯುವುದು. ಶ್ರೇಯಾ ಉದ್ದದ ಹುಡುಗಿ. ಕೋಟು ಹಾಕಿ, ಕೂದಲು ಒಳಗೆ ಸಿಕ್ಕಿಸಿ, ಮೀಸೆ ಹಚ್ಚಿದರೆ ಥೇಟ್ ಗಂಡು.

ಒಂದು ಗುರುವಾರ ಮಧ್ಯಾಹ್ನ ತಾಲೀಮು. ಎರಡನೆಯ ಅಂಕದಲ್ಲಿ ಎಡ್ಮಂಡ್ ಮಿಸೆಸ್ ಥಾರ್ನ್‌ಬಿಯ ಕೈ ಹಿಡಿದು, ಹಳೆಯದನ್ನು ಯಾರಿಗೂ ಹೇಳಬೇಡ ಎಂದು ಬೇಡಿಕೊಳ್ಳುತ್ತಾನೆ. ಕೋಟಿನ ತೋಳು ಉದ್ದವಾಯಿತೇ ಎಂದು ಅನುಮಾನ ಬಂದು ನಾನೇ ಮೊಬೈಲಿನಲ್ಲಿ ಫೋಟೊ ತೆಗೆದು, ವೇಷಭೂಷಣ ನೋಡಿಕೊಳ್ಳುತ್ತಿದ್ದ ತಾಯಂದಿರ ಗ್ರೂಪಿಗೆ ಹಾಕಿದೆ. ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಕೋಟು ಹೊಲಿದವರಿಗೆ ತಿಳಿಯುತ್ತದೆ ಎಂದುಕೊಂಡೆ.

ಆ ಫೋಟೊ ಅಲ್ಲಿಂದ ಇನ್ನೊಂದು ಗ್ರೂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹಾರಿತು. ಹೋಗುತ್ತಾ ಹೋಗುತ್ತಾ ಯಾರೋ ಅಂಚುಗಳನ್ನು ಕತ್ತರಿಸಿದರು. ವೇದಿಕೆಯ ಪರದೆ ಹೋಯಿತು, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೇಣದಬತ್ತಿ ಹೋಯಿತು. ಉಳಿದದ್ದು ಮೀಸೆ ಮೂಡಿದ ಒಬ್ಬ ಹುಡುಗ, ಅವನು ಕೈ ಹಿಡಿದುಕೊಂಡಿರುವ ರಾಬಿಯಾ. ಹುಡುಗರ ವಿಭಾಗದವನಂತೆ, ಶಾಲೆಯೊಳಗೇ ಅಂತೆ. ನಾವು ಗೇಟು ಬೇರೆ ಮಾಡಿ, ಮೆಟ್ಟಿಲು ಬೇರೆ ಮಾಡಿ, ಒಂದು ಹುಡುಗಿಯ ಪಕ್ಕದಲ್ಲಿ ಒಂದು ಮೀಸೆ ಕಂಡರೆ ಸಾಕು ಎಂಬಷ್ಟು ಹಸಿದಿದ್ದೆವು.

ಶನಿವಾರ ಬೆಳಿಗ್ಗೆ ಹುಡುಗಿಯರ ವಿಭಾಗದ ಸೂಪರ್‌ವೈಸರ್ ಮೇಡಂ ಫೋನ್ ಮಾಡಿದರು. ಕೆಟ್ಟವರಲ್ಲ, ಗಲಾಟೆ ಎಂದರೆ ಮಾತ್ರ ಆಗದು. ಮೂವರು ತಾಯಂದಿರು ದೂರು ಕೊಟ್ಟಿದ್ದರಂತೆ.

"ಮೇಡಂ, ಅದು ಶ್ರೇಯಾ!" ಎಂದೆ. "ಫೋಟೊ ತೆಗೆದದ್ದೇ ನಾನು."

"ನನಗೆ ಗೊತ್ತು. ಆದರೆ ಎಷ್ಟು ಜನರಿಗೆ ಹೇಳ್ತಾ ಕೂರುವುದು? ಹೇಳಿದಷ್ಟೂ ಬೆಳೆಯುತ್ತದೆ. ಹನ್ನೆರಡು ದಿನ ಇದೆ. ಆ ಹುಡುಗಿಯನ್ನು ಬದಲಾಯಿಸಿ, ಖಲಾಸ್. ಗ್ರೂಪಿನಲ್ಲಿ ನೀವು ಏನೂ ಬರೆಯಬೇಡಿ."

ನಾನು ಸರಿ ಎಂದೆ. ಯಾಕೆಂದು ನಿಜ ಹೇಳುತ್ತೇನೆ. ಆ ಮಾರ್ಚಿನಲ್ಲಿ ನನ್ನ ಕಾಂಟ್ರಾಕ್ಟ್ ಮುಗಿಯುವುದಿತ್ತು. ವೀಸಾ ಶಾಲೆಯದು. ನನ್ನ ಯಜಮಾನರು ಹೋಗಿ ಆಗಲೇ ನಾಲ್ಕು ವರ್ಷ, ಮಗಳಿಗೆ ಇನ್ನೂ ಕೆಲಸವಾಗಿರಲಿಲ್ಲ. ಹೆದರಿದೆ. ಹೆದರಿದವಳು ಹೆದರಿದೆ ಎಂದು ಒಪ್ಪಿಕೊಳ್ಳದೆ, ಇದು ರಾಬಿಯಾಳ ಒಳ್ಳೆಯದಕ್ಕೇ ಎಂದುಕೊಂಡೆ. ಹೇಗೂ ಅವಳ ತಂದೆ ಸಂಪ್ರದಾಯಸ್ಥರು, ವಿಷಯ ತಿಳಿದರೆ ಅವರೇ ಬಿಡಿಸುತ್ತಾರೆ, ಅದಕ್ಕಿಂತ ಮೊದಲೇ ನಾನು ಬಿಡಿಸಿದರೆ ಹುಡುಗಿಗೆ ಮುಜುಗರ ತಪ್ಪುತ್ತದೆ. ಹೀಗೆಲ್ಲ. ಅವರಿಗೆ ಒಂದು ಫೋನ್ ಮಾಡಿ ಕೇಳಲಿಲ್ಲ.

ಸೋಮವಾರದ ತಾಲೀಮಿನಲ್ಲಿ ಮೂವತ್ತು ಹುಡುಗಿಯರ ಮುಂದೆ ಹೇಳಿದೆ: "ನಾಳೆಯಿಂದ ಮಿಸೆಸ್ ಥಾರ್ನ್‌ಬಿ ನಿಮಿಷಾ ಮಾಡುತ್ತಾಳೆ. ರಾಬಿಯಾ ಬಟ್ಟೆಗಳ ಜವಾಬ್ದಾರಿ ನೋಡಿಕೊಳ್ಳುತ್ತಾಳೆ." ಕಾರಣ ಹೇಳಲಿಲ್ಲ. ಕಾರಣ ಹೇಳದಿರುವುದೇ ಘನತೆ ಎಂದು ನನ್ನ ಎಣಿಕೆ. ರಾಬಿಯಾ "ಓಕೆ ಮ್ಯಾಮ್" ಎಂದಳು. ಕೈಯಲ್ಲಿದ್ದ ಹಾಳೆಗಳನ್ನು ಅಂಚು ಸರಿಮಾಡಿ ನಿಮಿಷಾಳಿಗೆ ಕೊಟ್ಟಳು. ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಬುಧವಾರ ತಾಲೀಮು ಮುಗಿದ ಮೇಲೆ ಶ್ರೇಯಾ ಒಬ್ಬಳೇ ಉಳಿದಳು. ಮೀಸೆಯನ್ನು ಕಿತ್ತು ಮೇಜಿನ ಮೇಲಿಟ್ಟಳು. ನಮ್ಮ ಮಕ್ಕಳು ಮಾತಾಡುವುದು ಇಂಗ್ಲಿಷಿನಲ್ಲಿ, ಅವಳ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಮ್ಯಾಮ್, ಆ ಫೋಟೊದಲ್ಲಿ ನಾನೂ ಇದ್ದೆ."

"ಗೊತ್ತು."

"ಕೈ ಹಿಡಿದದ್ದು ನಾನು. ಅವಳು ಸುಮ್ಮನೆ ನಿಂತಿದ್ದಳು. ನನ್ನನ್ನು ಯಾಕೆ ತೆಗೆಯಲಿಲ್ಲ?"

ಶ್ರೇಯಾಳನ್ನು ತೆಗೆಯಬೇಕೆಂದು ಸೂಪರ್‌ವೈಸರ್ ಹೇಳಿರಲಿಲ್ಲ, ದೂರು ಕೊಟ್ಟ ತಾಯಂದಿರು ಕೇಳಿರಲಿಲ್ಲ, ನನ್ನ ತಲೆಗೂ ಬಂದಿರಲಿಲ್ಲ. ಅದು ಹುಡುಗ ಎಂದು ನಂಬಿದವರೂ ಹುಡುಗನ ಹೆಸರು ಕೇಳಿರಲಿಲ್ಲ. ಅದು ಹುಡುಗಿ ಎಂದು ಗೊತ್ತಿದ್ದವರು ಅವಳನ್ನು ಮುಟ್ಟಿರಲಿಲ್ಲ. ಇಬ್ಬರೂ ಒಂದೇ ತರಗತಿಯ ಹುಡುಗಿಯರು. ಒಬ್ಬಳ ಮೂಗಿನ ಕೆಳಗೆ ಎರಡು ಇಂಚು ಕಪ್ಪು ಕೂದಲು ಅಂಟಿಸಿತ್ತು, ಅಷ್ಟೇ. ಈ ಪಾಠವನ್ನು ನಾನು ಎಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಹೇಳಿದ್ದೆ! ನನಗೆ ಅಲ್ಲೇ ಕಣ್ಣು ತುಂಬಿತು. ಶ್ರೇಯಾ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು.

ಗುರುವಾರ ಇಸ್ಮಾಯಿಲ್ ಸಾಹೇಬರು ಶಾಲೆಗೆ ಬಂದರು. ಬಿಳಿ ಅಂಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ನಾಟಕಕ್ಕೆಂದು ಅವರ ಅಂಗಡಿಯಿಂದಲೇ ಕೊಡುತ್ತೇನೆಂದಿದ್ದ ಲೇಸು. ಮಾತು ಕೊಟ್ಟದ್ದಕ್ಕೆ ತಂದಿದ್ದರು.

"ಕೂತ್ಕೊಳ್ಳಿ ಸಾಹೇಬ್ರೆ."

"ಕೂತ್ಕೊಳ್ಳುದು ಇರ್ಲಿ ಟೀಚರ್. ನಾನು ಒಂದೇ ಮಾತು ಕೇಳ್ಲಿಕ್ಕೆ ಬಂದದ್ದು. ನನ್ನ ಮಗಳನ್ನು ಎಂತಕ್ಕೆ ತೆಗೆದ್ರಿ?"

"ನೀವು ಬೇಸರ ಮಾಡ್ತೀರಿ ಅಂತ..."

"ನಾನು ಬೇಸರ ಮಾಡ್ತೇನೆ ಅಂತ ನಿಮಗೆ ಯಾರು ಹೇಳಿದ್ದು? ಚೀಟಿಗೆ ಸಹಿ ಹಾಕಿದ್ದು ನಾನಲ್ವಾ? ಓದಿಯೇ ಹಾಕಿದ್ದು. ಪೂರಾ ನಾಟಕ ಓದಿದ್ದೇನೆ, ಅಂಗಡಿಯಲ್ಲಿ ಕೂತು. ಆ ಹೆಂಗಸು ಒಳ್ಳೆಯವಳು." ಅವರು ಚೀಲ ಮೇಜಿನ ಮೇಲಿಟ್ಟರು. "ಫೋಟೊ ನನಗೂ ಬಂತು. ನನ್ನ ತಂಗಿ ಕಳಿಸಿದ್ಲು. ನಾನು ನಕ್ಕೆ. ಇದು ಡ್ರಾಮಾದ ಮೀಸೆ ಅಂತ ಹೇಳಿದೆ, ಅವಳೂ ನಕ್ಕಳು. ಅಲ್ಲಿಗೆ ಮುಗಿದಿತ್ತು ಟೀಚರ್. ಸೋಮವಾರ ನೀವು ತೆಗೆದ ಮೇಲೆ ಮತ್ತೆ ಎಲ್ಲರೂ ಫೋನ್ ಮಾಡ್ತಾರೆ. ಡ್ರಾಮಾದ ಮೀಸೆಯಾದ್ರೆ ಟೀಚರ್ ತೆಗೆಯುದು ಎಂತಕ್ಕೆ ಅಂತ ಕೇಳ್ತಾರೆ. ನಾನು ಎಂತ ಹೇಳುದು? ಊರವರ ಮಾತಿಗೆ ನಾನು ಉತ್ತರ ಕೊಡ್ತೇನೆ. ನಿಮ್ಮ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ."

ಅವರ ದನಿ ಏರಲೇ ಇಲ್ಲ. ಏರಿದ್ದರೆ ನನಗೆ ಸುಲಭವಿತ್ತು. ಸಂಜೆ ಮನೆಗೆ ಬರುತ್ತೇನೆ, ರಾಬಿಯಾಳ ಹತ್ತಿರ ಮಾತಾಡುತ್ತೇನೆ ಎಂದೆ. "ಬನ್ನಿ" ಎಂದರು.

ಒಬ್ಬಳೇ ಹೋಗುವುದಕ್ಕಿಂತ ವನಿತಾಳನ್ನು ಕರೆದುಕೊಂಡು ಹೋದರೆ ಒಳ್ಳೆಯದು, ಫೋಟೊದಲ್ಲಿರುವುದು ನನ್ನ ಮಗಳು ಎಂದು ಅವಳೇ ಹೇಳಿದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದು ಅವಳಿಗೆ ಫೋನ್ ಮಾಡಿದೆ.

"ವಾರಿಜಕ್ಕ, ಇವತ್ತು ಆಗ್ಲಿಕ್ಕಿಲ್ಲ ಮಾರಾಯ್ರೆ."

"ನಾಳೆ?"

"ಬೇಸರ ಮಾಡ್ಬೇಡಿ. ಶ್ರೇಯಾನ ಹೆಸರು ಅದ್ರಲ್ಲಿ ಬರುದು ಬೇಡ ಅಂತ ಇವ್ರು ಹೇಳ್ತಿದ್ದಾರೆ. ನಮಗೂ ಹೆಣ್ಣು ಮಗು ಅಲ್ವಾ?"

ನನಗೆ ಸಿಟ್ಟು ಬಂತು. ಆದರೆ ಮೂರು ದಿನ ಮೊದಲು ನಾನು ಮಾಡಿದ್ದೂ ಅದನ್ನೇ ಆದ್ದರಿಂದ ಸಿಟ್ಟನ್ನು ನುಂಗಿ ಒಬ್ಬಳೇ ಹೋದೆ.

ಅವರ ಮನೆಯೂ ಅಲ್ ನಹ್ದಾದಲ್ಲೇ, ನಮ್ಮಿಂದ ಮೂರು ಕಟ್ಟಡ ಆಚೆ. ರಾಬಿಯಾಳೇ ಬಾಗಿಲು ತೆಗೆದಳು. ಅವಳ ತಾಯಿ ಚಹಾ, ಗೋಡಂಬಿ ಹಾಕಿದ ಸಿಹಿ ತಂದಿಟ್ಟು, "ತಗೊಳ್ಳಿ ಟೀಚರ್" ಎಂದು ಪಕ್ಕದಲ್ಲಿ ಕೂತರು. ನಾನು ಮೂರು ಜನರ ಎದುರು ಎಲ್ಲವನ್ನೂ ಹೇಳಿದೆ. ಫೋಟೊ ತೆಗೆದದ್ದು ನಾನು, ಕಳಿಸಿದ್ದು ನಾನು, ಹೆದರಿ ಸುಮ್ಮನಾದದ್ದು ನಾನು. "ರಾಬಿಯಾ, ನನ್ನಿಂದ ತಪ್ಪಾಯ್ತು, ಸಾರಿ" ಎಂದೆ. ವಿದ್ಯಾರ್ಥಿನಿಯೊಬ್ಬಳಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಒಂಥರಾ ಹಗುರವಾಯಿತು, ದೊಡ್ಡ ಕೆಲಸ ಮಾಡಿದೆ ಎನಿಸಿತು.

ತಂದೆಯ ಎದುರು ಇಂಗ್ಲಿಷ್ ಬೇಡವೆಂದೋ ಏನೋ, ರಾಬಿಯಾ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: "ಥ್ಯಾಂಕ್ಯೂ ಮ್ಯಾಮ್. ಆದ್ರೆ ನನ್ನನ್ನು ರಿಮೂವ್ ಮಾಡಿದ್ದು ಎಲ್ಲರ ಎದುರು. ಸಾರಿ ಹೇಳುದು ನಮ್ಮ ಮನೆಯಲ್ಲಿ."

ತಾಯಿ "ರಾಬಿಯಾ!" ಎಂದು ಗದರಿದರು. ಚಹಾ ಕುಡಿದು ಎದ್ದೆ.

ಶುಕ್ರವಾರ ಬೆಳಿಗ್ಗೆ ಅಸೆಂಬ್ಲಿ. ರಾಷ್ಟ್ರಗೀತೆ ಮುಗಿಯಿತು, ದಿನದ ವಾರ್ತೆ ಓದಿದರು. ನಾನು ಯಾರನ್ನೂ ಕೇಳದೆ ಹೋಗಿ ಮೈಕು ತೆಗೆದುಕೊಂಡೆ. ಒಳ್ಳೆಯ ಇಂಗ್ಲಿಷಿನಲ್ಲಿ ಎರಡು ಪುಟ ಬರೆದುಕೊಂಡಿದ್ದೆ. ಹುಡುಗಿಯರ ವಿಭಾಗದ ಅಷ್ಟೂ ಮುಖಗಳನ್ನು ನೋಡಿದಾಗ ಅದು ಕೈಯಲ್ಲೇ ಉಳಿಯಿತು. ನಾಲ್ಕು ವಾಕ್ಯ ಹೇಳಿದೆ. ಎಲ್ಲರ ಫೋನಿನಲ್ಲಿರುವ ಫೋಟೊ ನಾಟಕದ ತಾಲೀಮಿನದು, ತೆಗೆದು ಕಳಿಸಿದವಳು ನಾನು. ಅದರಲ್ಲಿರುವ ಇಬ್ಬರೂ ಹನ್ನೊಂದನೇ ತರಗತಿಯ ಹುಡುಗಿಯರು. ರಾಬಿಯಾ ಯಾವ ತಪ್ಪೂ ಮಾಡಿಲ್ಲ. ಮಾತಿಗೆ ಹೆದರಿ ಅವಳ ಪಾತ್ರ ಕಿತ್ತುಕೊಂಡದ್ದು ನನ್ನ ತಪ್ಪು, ಅವಳ ಕ್ಷಮೆ ಕೇಳುತ್ತೇನೆ. ಅಷ್ಟೇ. ಹಿಂದಿನ ಸಾಲಿನಿಂದ ಒಂದು ಗಡಸು ದನಿ, "ಮೀಸೆ ನನ್ನದು!" ಎಂದಿತು. ಶ್ರೇಯಾ. ಎಲ್ಲರೂ ನಕ್ಕರು. ಆ ನಗುವಿಗೆ ನಾನು ಇವತ್ತಿಗೂ ಋಣಿ. ಅದೇ ನಾಲ್ಕು ವಾಕ್ಯಗಳನ್ನು ತಾಯಂದಿರ ಗ್ರೂಪಿಗೂ ಹಾಕಿದೆ.

ಸೂಪರ್‌ವೈಸರ್ ಮೇಡಂ ಕ್ಯಾಬಿನ್ನಿಗೆ ಕರೆದರು. "ನನಗೊಂದು ಮಾತು ಹೇಳಬಹುದಿತ್ತು" ಎಂದರು.

"ಹೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ."

"ಅನ್ನುತ್ತಿದ್ದೆ" ಎಂದು ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಪ್ರಶ್ನೆಪತ್ರಿಕೆಗಳ ವಿಷಯ ಮಾತಾಡಿದರು. ಮಾರ್ಚಿನಲ್ಲಿ ನನ್ನ ಕಾಂಟ್ರಾಕ್ಟ್ ಎಂದಿನಂತೆ ಮುಂದುವರಿಯಿತು. ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಹೊಸಬರೇ, ಇದನ್ನು ಗಮನಿಸಿ. ಆಗದೇ ಹೋದ ಒಂದು ಸಂಗತಿಗೆ ಹೆದರಿ ನಾನು ಒಂದು ಮಗುವಿನ ಹೆಸರನ್ನು ನಾಲ್ಕು ದಿನ ಬೀದಿಯಲ್ಲಿ ಬಿಟ್ಟಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರಾಬಿಯಾ ಸೋಮವಾರ ಬಂದಳು. ಬೇಗ ಬಂದು ತಾಲೀಮಿನ ಕೋಣೆಯಲ್ಲಿ ಲೇಸು ಕತ್ತರಿಸುತ್ತಾ ಕೂತಿದ್ದಳು. ನಾನು ಹತ್ತಿರ ಹೋಗಿ, "ಕತ್ತರಿ ಇಡು. ಪಾತ್ರ ನಿನ್ನದೇ. ನಿಮಿಷಾಳಿಗೆ ನಾನು ಹೇಳುತ್ತೇನೆ" ಎಂದೆ. ಸಂತೋಷದಿಂದಲೇ ಹೇಳಿದೆ, ಎಲ್ಲ ಸರಿಹೋಯಿತು ಎಂಬ ಸಂತೋಷ.

ಅವಳು ಕತ್ತರಿ ಇಡಲಿಲ್ಲ.

"ಬೇಡ ಮ್ಯಾಮ್. ನಿಮಿಷಾ ಎಲ್ಲ ಬಾಯಿಪಾಠ ಮಾಡಿದ್ದಾಳೆ. ಈಗ ಅವಳನ್ನು ತೆಗೆದರೆ, ಅವಳೇನು ಮಾಡಿದಳು ಅಂತ ಕೇಳುತ್ತಾರೆ."

ನಿಮಿಷಾಳ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಒಬ್ಬಳಿಗೆ ಮಾಡಿದ್ದನ್ನೇ ಇನ್ನೊಬ್ಬಳಿಗೆ ಮಾಡಲು, ಅದೂ ನಗುನಗುತ್ತಾ, ಹೊರಟಿದ್ದೆ. ಹದಿನಾರು ವರ್ಷದ ಹುಡುಗಿ ನನ್ನನ್ನು ತಡೆದಳು.

ವಾರ್ಷಿಕೋತ್ಸವದ ದಿನ ನಿಮಿಷಾ ಚೆನ್ನಾಗಿ ಆಡಿದಳು. ಅವಳ ಗೌನಿನ ಲೇಸು ದೂರದಿಂದಲೂ ಹೊಳೆಯುತ್ತಿತ್ತು. ಇಸ್ಮಾಯಿಲ್ ಸಾಹೇಬರು ಅಂಗಡಿ ಮುಚ್ಚಿ ಮನೆಯವರೊಡನೆ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು, ಎಲ್ಲ ದೃಶ್ಯಕ್ಕೂ ಚಪ್ಪಾಳೆ ತಟ್ಟಿದರು. ರಾಬಿಯಾ ಪಕ್ಕದ ಪರದೆಯ ಹಿಂದೆ ಸೂಜಿ ಹಿಡಿದು ನಿಂತು, ನಿಮಿಷಾಳ ಪ್ರತಿಯೊಂದು ಮಾತನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಸಭಾಂಗಣಕ್ಕೆ ಅದು ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಬಾಗಿಲಿನ ದೃಶ್ಯದಲ್ಲಿ ನಾನು ವೇದಿಕೆಯ ಕಡೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಮೂವತ್ತು ವರ್ಷಗಳಲ್ಲಿ ನನಗೆ ಸಿಕ್ಕಿದ ಅತ್ಯುತ್ತಮ ನಟಿಯ ಆಟವನ್ನು ನೋಡಿದವಳು ನಾನೊಬ್ಬಳೇ. ಬೇರೆಯವರು ನೋಡದಂತೆ ಮಾಡಿದವಳೂ ನಾನೇ.